ಜೀಪು ನಿಂತಲ್ಲೇ ಬೆಂಕಿ ಹುಟ್ಟುತ್ತದೆಯೇ?

ಅರಣ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಚಿಕ್ಕಮ್ಮ ಕಾಡಿಗೆ ಬೆಂಕಿ ಇಟ್ಟಿಲ್ಲ. ಇಟ್ಟಿದ್ದಾಳೆಂದು ತಾವೂ ನೇರವಾಗಿ ಹೇಳಿಲ್ಲ, ನಿಜ. ರಸ್ತೆಯಂಚಿನ ಬೆಟ್ಟದಲ್ಲಿ ಪೊರಕೆ ಹುಲ್ಲು ಕೊಯ್ಯುವ ಎಲ್ಲರ ಪರವಾನಗಿ ರದ್ದು ಮಾಡಿ, "ಕಾಡ್ಗಿಚ್ಚಿಗೆ ರಸ್ತೆಯ ಸಾಮೀಪ್ಯವೇ ಮುಖ್ಯ ಕಾರಣವೆಂದು ಕೃತಕ ಬುದ್ಧಿಮತ್ತೆ ಪತ್ತೆಹಚ್ಚಿದೆ" ಎಂಬ ಫಲಕವನ್ನು ಬೆಟ್ಟದ ಬುಡದಲ್ಲಿ ನೆಡಿಸಿದ್ದೀರಿ. ಓದಿದವರೆಲ್ಲ ತಿರುಗಿ ಚಿಕ್ಕಮ್ಮನ ಮುಖ ನೋಡುತ್ತಾರೆ. ಹೆಸರು ಹೇಳದೆ ಬೈಯುವ ಈ ಕಲೆಯನ್ನು ಸಾಹಿತ್ಯದ ತರಗತಿಯಲ್ಲೂ ನನಗೆ ಯಾರೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಫಲಕವನ್ನು ಓದಿ ಹೇಳಿದಾಗ ಅವಳು ಕುಡುಗೋಲು ಕೆಳಗಿಟ್ಟಳು. "ಅಲ್ಲ ಕಣೇ, ಬೆಂಕಿ ಹಚ್ಚೋಕೆ ನಂಗೇನು ತಲೆ ಕೆಟ್ಟಿದ್ಯಾ? ಹುಲ್ಲೇ ಸುಟ್ಟೋದ್ರೆ ಪೊರಕೇನ ಬೂದೀಲಿ ಕಟ್ಲಾ?" ತಮ್ಮಲ್ಲಿ ಇದಕ್ಕೆ ಉತ್ತರವಿದೆಯೇ?

ಆ ಕೃತಕ ಬುದ್ಧಿಯ ಯಂತ್ರವನ್ನು ದೂರಲು ನಾನು ಬರೆಯುತ್ತಿಲ್ಲ. ಮೊನ್ನೆಯವರೆಗೂ ತಮ್ಮದೇ ಕಚೇರಿಯ ಕಂಪ್ಯೂಟರ್ ಕೊಠಡಿಯಲ್ಲಿ, ಝೆರಾಕ್ಸ್ ಯಂತ್ರದ ಪಕ್ಕದ ಮೇಜಿನಲ್ಲಿ, ಹಳೆಯ ಬೆಂಕಿ ವರದಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ತಾವು ನನ್ನನ್ನು ಗಮನಿಸಿರಲಿಕ್ಕಿಲ್ಲ. ನಾನು ಹೆಚ್ಚು ಮಾತಾಡುವವಳಲ್ಲ. ಆ ವರದಿಗಳನ್ನೇ ತಿಂದು ಯಂತ್ರ ಬೆಳೆಯಿತು. ಅದರ ಒಂದು ಗುಣ ನನಗೆ ತುಂಬಾ ಹಿಡಿಸಿತ್ತು. ಎಲ್ಲಿ ಬೆಂಕಿ ಬೀಳಬಹುದೆಂದು ಹೇಳಿ ಅದು ಸುಮ್ಮನಾಗುವುದಿಲ್ಲ; ಹಾಗೆ ಯಾಕೆ ಅಂದುಕೊಂಡೆ ಎಂಬುದನ್ನೂ ಪರದೆಯ ಮೇಲೆ ಬಣ್ಣದ ಪಟ್ಟೆಗಳಾಗಿ ಬಿಡಿಸಿಡುತ್ತದೆ. ಯಾವುದಕ್ಕೆ ಹೆಚ್ಚು ತೂಕ ಕೊಟ್ಟಿತೋ ಅದರ ಪಟ್ಟೆ ಹೆಚ್ಚು ಉದ್ದ: ಗಾಳಿಗೆ ಇಷ್ಟುದ್ದ, ಒಣಗಿದ ತರಗೆಲೆಗೆ ಇಷ್ಟುದ್ದ. ರಸ್ತೆಯ ಪಟ್ಟೆ ಎಲ್ಲಕ್ಕಿಂತ ಉದ್ದವಿತ್ತು. ಕಾರಣ ಸಿಕ್ಕಿತೆಂದು ಕೊಠಡಿಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ.

ಯಾಕೆಂದರೆ ಕಳೆದ ಬೇಸಿಗೆಯ ಬೆಂಕಿಯನ್ನು ನಾನು ಕಣ್ಣಾರೆ ಕಂಡಿದ್ದೆ. ಚಿಕ್ಕಮ್ಮನ ಜೊತೆ ನಿಂತು ಹಸಿ ಸೊಪ್ಪಿನಿಂದ ಬಡಿದಿದ್ದೆ. ಅದು ಹೊತ್ತಿಕೊಂಡದ್ದು ಬೆಟ್ಟದ ನೆತ್ತಿಯ ಬಂಡೆಗಳ ನಡುವೆ. ವರದಿಯಲ್ಲಿರುವ ಸ್ಥಳ ಮಾತ್ರ ಬುಡದ ರಸ್ತೆಯ ತಿರುವು! ಇಲಾಖೆಯ ಜೀಪಿನ ಡ್ರೈವರಣ್ಣನನ್ನು ಕೇಳಿದೆ. "ಅಯ್ಯೋ ತಂಗಿ, ಹೊಗೆ ಕಂಡಲ್ಲಿ ಗಾಡಿ ನಿಲ್ಲಿಸ್ತೀನಿ, ಸಾಹೇಬ್ರು ಇಳಿದು ಅಲ್ಲೇ ಜಿಪಿಎಸ್ ಒತ್ತುತ್ತಾರೆ. ಜೀಪು ರಸ್ತೇಲಿ ನಿಲ್ದೆ ಮರದ ಮೇಲೆ ನಿಲ್ಲತ್ತಾ?" ಎಂದು ನಕ್ಕ.

ಅಂದರೆ ಮಾನ್ಯರೇ, ನಾವು ಇಷ್ಟು ವರ್ಷ ಬರೆದಿಟ್ಟದ್ದು ಬೆಂಕಿ ಹುಟ್ಟಿದ ಜಾಗವನ್ನಲ್ಲ, ಜೀಪು ನಿಂತ ಜಾಗವನ್ನು. ಪಾಪದ ಯಂತ್ರ ಅದನ್ನೇ ಶ್ರದ್ಧೆಯಿಂದ ಕಲಿತು "ರಸ್ತೆ" ಎಂದಿತು. ಕಾಡು ಯಾಕೆ ಉರಿಯುತ್ತದೆ ಎಂದು ಅದು ಹೇಳಿಲ್ಲ. ನಮ್ಮ ವರದಿಗಳಲ್ಲಿ ತನಗೇನು ಕಂಡಿತು ಎಂದು ಹೇಳಿದೆ. ಹಾಗಾದರೆ ಬೆಂಕಿಗೆ ನಿಜವಾದ ಕಾರಣವೇನು? ನನಗೆ ಗೊತ್ತಿಲ್ಲ. ಕೆಲವು ಬೆಂಕಿ ರಸ್ತೆಯಿಂದಲೇ ಹೊರಟಿರಲೂಬಹುದು. ಬೀಡಿ ಎಸೆಯುವವರು ನಮ್ಮಲ್ಲೂ ಇದ್ದಾರೆ. ಆದರೆ ಗೊತ್ತಿಲ್ಲದ್ದನ್ನು ಫಲಕದ ಮೇಲೆ ಬರೆಸುವಷ್ಟು ಧೈರ್ಯ ನನಗಿಲ್ಲ.

ಇದನ್ನು ಕೊಠಡಿಯ ಮೇಲ್ವಿಚಾರಕರಿಗೆ ತಡವರಿಸುತ್ತಲೇ ಹೇಳಿದೆ. "ಕತೆ ಕವನ ಓದ್ಕೊಂಡು ಬಂದೋಳು, ನಿಂಗ್ಯಾಕಮ್ಮ ಇದೆಲ್ಲ? ಕಂಪ್ಯೂಟರ್‌ಗೆ ಯಾರ ಮೇಲೂ ದ್ವೇಷ ಇರಲ್ಲ" ಎಂದರು. ಒಪ್ಪಿದೆ. ಉಣಿಸಿದ್ದನ್ನು ಮೆಲುಕು ಹಾಕಲು ದ್ವೇಷ ಬೇಕಾಗುವುದಿಲ್ಲ. ಆದರೆ ಕತೆ ಓದಿದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ: ಹೇಳುತ್ತಿರುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ ಎಂದು ನೋಡುವುದು. ಈ ಕತೆ ಹೇಳಿದವನು ಬೆಟ್ಟ ಹತ್ತಲೇ ಇಲ್ಲ.

ಮರುದಿನ, ನಾಳೆಯಿಂದ ಬರುವುದು ಬೇಡ ಎಂದರು. ಯಾಕೆ ಎಂದು ಕೇಳಿದರೆ ಯಂತ್ರ ಉತ್ತರಿಸುತ್ತದೆ, ಕಚೇರಿ ಉತ್ತರಿಸುವುದಿಲ್ಲ. ಕಾರಣ ಹೇಳಬಲ್ಲ ಬುದ್ಧಿಯನ್ನು ಅಷ್ಟು ಸಂಭ್ರಮದಿಂದ ತಂದು, ಕಾರಣ ಕೇಳಿದವಳನ್ನು ಆಚೆಗೆ ಕಳಿಸುವುದು ಯಾವ ಬುದ್ಧಿ?

ನಾನು ಕೇಳುವುದು ಇಷ್ಟೇ. ಫಲಕ ತೆಗೆಸಿ. ಉಪಗ್ರಹದ ಚಿತ್ರಗಳನ್ನು ನೋಡಿ, ಬೆಂಕಿ ಎಲ್ಲಿ ಹುಟ್ಟಿತೋ ಆ ಜಾಗವನ್ನೇ ಯಂತ್ರಕ್ಕೆ ಕೊಟ್ಟು ಮತ್ತೊಮ್ಮೆ ಕೇಳಿ. ಅದರ ಉತ್ತರವನ್ನು ಎಲ್ಲರ ಮುಂದೆ ಇಡಿ. ಆಗಲೂ ರಸ್ತೆ ಎಂದೇ ಬಂದರೆ ನಾನು ತಲೆಬಾಗುತ್ತೇನೆ. ಅಲ್ಲಿಯವರೆಗೆ ಪರವಾನಗಿಗಳನ್ನು ಹಿಂದಿರುಗಿಸಿ. ಹುಲ್ಲು ಕೊಯ್ಲಿಗೆ ಬಂದಿದೆ. ಇನ್ನು ಕೆಲವೇ ದಿನಗಳಲ್ಲಿ ಹೂ ಉದುರಿ ಪೊರಕೆಗೆ ಬಾರದಂತಾಗುತ್ತದೆ. ಚಿಕ್ಕಮ್ಮನಿಗೆ ವರ್ಷದ ದುಡಿಮೆಯೆಂದರೆ ಇದೊಂದೇ.

ಆದ್ದರಿಂದ ಸೋಮವಾರ ಬೆಳಗ್ಗೆ ಅವಳು ಬೆಟ್ಟ ಹತ್ತುತ್ತಾಳೆ, ಪರವಾನಗಿ ಬಂದರೂ ಬಾರದಿದ್ದರೂ. ಹೊರೆ ಹೊರಲು ನಾನೂ ಇರುತ್ತೇನೆ. ತಡೆಯುವುದಾದರೆ ತಾವೇ ನೆತ್ತಿಯವರೆಗೆ ನಡೆದು ಬನ್ನಿ. ಬಂಡೆಗಳ ನಡುವಿನ ಸುಟ್ಟ ನೆಲ ತೋರಿಸುತ್ತೇನೆ. ಆಮೇಲೆ ತಡೆಯಿರಿ ನೋಡೋಣ.

ಇಂತಿ,
ತಮ್ಮ ಕಚೇರಿಯಲ್ಲಿ ಒಂದೇ ಒಂದು ಸಲ ಬಾಯಿ ತೆರೆದು ಕೆಲಸ ಕಳೆದುಕೊಂಡ,
ಹುಲ್ಲು ಕೊಯ್ಯುವವಳ ಅಕ್ಕನ ಮಗಳು