ಪಡದೆ ಮ್ಯಾಲೆ ನನ್ನ ಕುಂಡಲಿ

ಬೀಳಗಿ
18 ನವೆಂಬರ್ 2025

ಚಿ. ಕೌಸ್ತುಭಗ,

ಅಕ್ಕನ ಆಶೀರ್ವಾದ. ಸಿಟ್ಟು ನೆತ್ತಿಗೇರಿದ್ರೂ ಸಣ್ಣಾವರಿಗೆ ಮದಲ ಆಶೀರ್ವಾದನ ಬರೀಬೇಕಂತ ಅಪ್ಪ ಕಲಿಸ್ಯಾನ, ಅದಕ್ಕ ಬರದೀನಿ. ಜಮಖಂಡ್ಯಾಗ ನಿನ್ನ ಹೆಂಡತಿ ಮಕ್ಕಳು ಆರಾಮ ಇರಲಿ. ನೀ ಹುಬ್ಬಳ್ಳಿಯಿಂದ ಬಂದು ಹದಿನೆಂಟು ದಿನ ಆತು, ಎಂಟು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ತಡ ಆಗಿದ್ದಕ್ಕ ಕ್ಷಮಾ ಇರಲಿ. ತಡಕ್ಕ ಅಷ್ಟ ಮತ್ತ, ಮುಂದ ಬರಿಯೋದಕ್ಕಲ್ಲ.

ನೀ ಹುಬ್ಬಳ್ಳ್ಯಾಗ ಮಾತಾಡಿದ ವಿಡಿಯೋ ನೋಡಿದ್ವಿ. ಕುಂಡಲಿ ತೆಗಿಯೋ ಸಾಫ್ಟ್‌ವೇರ್ ಬಳಸೋ ಜೋಯಿಸರೆಲ್ಲಾ ಕೂಡಿದ ಸಮ್ಮೇಳನ, ಅದರಾಗ ನಮ್ಮ ಕೌಸ್ತುಭಂದು ಇಪ್ಪತ್ತು ನಿಮಿಷ ಭಾಷಣ, ಮ್ಯಾಲೆ ಶಾಲು! ನನ್ನಕಿಂತ ಮದಲ ನೋಡಿದಾಕಿ ಬಾಜೂಮನಿ ಸಾವಕ್ಕ. ಮೊಬೈಲ್ ಹಿಡಕೊಂಡ ಓಡಿ ಬಂದ್ಲು. "ವೈನೀ, ನಿಮ್ಮ ತಮ್ಮಾರು ಎಷ್ಟ ಛಲೋ ಮಾತಾಡಾಕತ್ತಾರ್ರಿ! ಅದರಾಗ ನಿಮ್ಮ ಹೆಸರೂ ಐತ್ರಿ!" ಅಂದ್ಲು. ನಾ ಹಿಗ್ಗಿ ಹೀರೀಕಾಯಿ ಆಗಿ ಎಲ್ಲಾರಿಗೂ ಚಹಾ ಇಟ್ಟೆ. ನಮ್ಮನಿಯವರು ಊಟಕ್ಕಂತ ಅಂಗಡಿಯಿಂದ ಬಂದಿದ್ರು, ಅವರೂ ಕುರ್ಚಿ ಎಳಕೊಂಡು ಕೂತ್ರು. ಮಗಳು ರಸಿಕಾ ಆವಾಜ ಜೋರ ಮಾಡಿದ್ಲು.

ಎಂಟನೇ ನಿಮಿಷಕ್ಕ ಪಡದೆ ಮ್ಯಾಲೆ ನನ್ನ ಕುಂಡಲಿ ಬಂತು. ನೀ ಭಾಷಣದ ಕನ್ನಡದಾಗ ಶುರು ಮಾಡಿದಿ: "ಅಜ್ಜ ವಹಿಯಲ್ಲಿ ಸೋಮವಾರ ರಾತ್ರಿ ನಾಲ್ಕು ಗಂಟೆಗೆ ಹೆಣ್ಣು ಮಗು ಎಂದು ಬರೆದಿಟ್ಟಿದ್ದರು. ಹಳಬರ ಲೆಕ್ಕದಲ್ಲಿ ಸೂರ್ಯ ಹುಟ್ಟುವ ತನಕ ಸೋಮವಾರವೇ. ಕ್ಯಾಲೆಂಡರಿನ ಪ್ರಕಾರ ಅದು ಮಂಗಳವಾರದ ನಸುಕು. ನಮ್ಮ ತಂದೆ ಕೃಷ್ಣಾಜಿ ಭಟ್ಟರು ಸೋಮವಾರದ ನಸುಕು ಎಂದೇ ಹಿಡಿದರು. ಒಂದು ದಿನ ತಪ್ಪಿತು, ಪೂರ್ವಾಷಾಢದ ಹುಡುಗಿ ಮೂಲಾ ನಕ್ಷತ್ರದವಳಾದಳು. ಸಾಫ್ಟ್‌ವೇರಿಗೆ ಇಂಥ ತಪ್ಪು ಆಗುವುದಿಲ್ಲ." ಮಂದಿ ಚಪ್ಪಾಳಿ ಹೊಡದ್ರು.

ಅಲ್ಲೋ, ಐವತ್ತು ವರ್ಷ ಪಂಚಾಂಗ ಹೇಳಿದಾಂವಗ ವಾರ ಯಾವಾಗ ಬದಲಾಗ್ತದ ಅನ್ನೋದು ಗೊತ್ತಿರಲಿಲ್ಲೇನು? ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆತು. ಎದ್ದು ಬಂದು ಉತ್ತರ ಕೊಡಂಗಿಲ್ಲ, ಅದ ನಿನಗ ಅನುಕೂಲ ಆತು.

ಅಷ್ಟಕ್ಕ ಬಿಟ್ಟಿಯೇನು? ಮೂಲಾ ನಕ್ಷತ್ರದಾಕಿ ಮಾವನ್ನ ತಿಂತಾಳ ಅಂತ ಮುಧೋಳದವರು ಗೊತ್ತಾದ ಮದವಿ ಮುರಕೊಂಡಿದ್ದು, ಅಂಥಾ ಇಂಜಿನಿಯರ್ ವರ ಕೈ ತಪ್ಪಿದ್ದು, ಕಡೀಕ ಮಾವ ಇಲ್ಲದ ಮನಿ ಹುಡುಕಿ, ಹನ್ನೊಂದು ವರ್ಷ ದೊಡ್ಡ ವರಗ "ಎರಡನೇ ಸಂಬಂಧಕ್ಕೆ ಕೊಡಬೇಕಾಯಿತು" ಅಂತ ದನಿ ನಡುಗಿಸಿದ್ದು, ಏನು ನಾಟಕೋ ನಿಂದು! ಆ ಎರಡನೇ ಸಂಬಂಧ ನನ್ನ ಬಾಜೂಕ ಕೂತು ಚಹಾ ಕುಡೀತಿತ್ತೋ, ಮೂರ್ಖಾ!

ಸಾವಕ್ಕ ತೆಲಿ ತಗ್ಗಿಸಿದ್ಲು. ನಮ್ಮನಿಯವರು ಚಹಾದ ಬಶಿ ಕೆಳಗಿಟ್ಟು, "ಕೌಸ್ತುಭ ಛಲೋ ಮಾತಾಡ್ಯಾನ" ಅಂದು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಟ್ರು. ಊಟ ಮಾಡಲಿಲ್ಲ. ನಾಕು ದಿನ ಬಿಟ್ಟು, ಕಾಯಿಪಲ್ಯಾ ಹೆಚ್ಚಲಿಕತ್ತಿದ್ದೆ, ಬಾಗಲದಾಗ ನಿಂತು ಕೇಳಿದ್ರು: "ಹರ್ಷದಾ, ನಿನಗೂ ಹಂಗ ಅನಸ್ತದೇನು?" ಇಪ್ಪತ್ನಾಕು ವರ್ಷದಾಗ ಅವರ ಬಾಯಿಂದ ಆ ಮಾತು ಬಂದಿರಲಿಲ್ಲ. ಇಲ್ಲಾ ಅಂದೆ, ದೇವರ ಆಣಿ ಮಾಡಿದೆ. ನಂಬಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.

ನೀ ಬಾಗಲಕೋಟಿಗೆ ಕಂಪ್ಯೂಟರ್ ಕಲೀಲಿಕ್ಕೆ ಹೋಗುಮುಂದ ಎರಡು ವರ್ಷ ಯಾರ ಮನ್ಯಾಗ ಉಂಡಿ? ದಿನಾ ಮುಂಜಾನೆ ತಮ್ಮ ಸೈಕಲ್ ಹಿಂದ ನಿನ್ನ ಕೂಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದವರು ಯಾರು? ಆ ಮುಧೋಳದ ಇಂಜಿನಿಯರೇನು? ಉಂಡ ಮನಿ ಜಂತಿ ಎಣಸಿದಿಯಲ್ಲೋ!

ನಿನ್ನ ಮೆಸೇಜೂ ಓದೀನಿ. "ಅಕ್ಕಾ, ನಿನ್ನ ಕತಿಗೇ ಹೆಚ್ಚು ಚಪ್ಪಾಳಿ ಬಿತ್ತು. ಡಿಸೆಂಬರ್‌ದಾಗ ಪುಣೆ ಸಮ್ಮೇಳನಕ್ಕ ಕರದಾರ, ಮರಾಠಿಯೊಳಗ ಇದನ್ನ ಹೇಳಬೇಕಂತ. ನೀನೂ ವೇದಿಕೆಗೆ ಬಾ." ಬರ್ತೀನಿ. ಬಂದ್ರ ಅಲ್ಲೇ ಮೈಕ್ ಕಸಕೊಂಡು ಏನು ಹೇಳಬೇಕೋ ಹೇಳ್ತೀನಿ. ಬೇಕೇನು?

ಪುಣೆಗೆ ಹೋಗು, ಇನ್ನೊಂದು ಶಾಲು ಹೊತ್ತುಕೊಂಡು ಬಾ, ನಾ ಬ್ಯಾಡ ಅನ್ನಂಗಿಲ್ಲ. ಸಾಫ್ಟ್‌ವೇರ್ ಛಲೋನ ಇದ್ದೀತು. ಆದ್ರ ನನ್ನ ಕುಂಡಲಿ ಮತ್ತ ಅಪ್ಪನ ಹೆಸರು ಅಲ್ಲಿ ಬರಬಾರದು. ಹುಬ್ಬಳ್ಳಿ ವಿಡಿಯೋ ತಗಸು. ಆಮ್ಯಾಲೆ ಬೀಳಗಿಗೆ ಬಂದು ನಮ್ಮನಿಯವರ ಮುಂದ ಕೂತು ತಪ್ಪಾತು ಅನ್ನು. ಅದಕ್ಕಲ್ಲದ ಬ್ಯಾರೆ ಯಾತಕ್ಕೂ ಈ ಹೊಸ್ತಿಲಾ ತುಳೀಬ್ಯಾಡ. ರಸಿಕಾನ ಮದವಿ ಮಾತು ನಡದದ. ಸೋದರಮಾವ ಇಲ್ಲದನ ಆಕೀ ಮ್ಯಾಲೆ ಅಕ್ಷತಿ ಬಿದ್ರೂ ಬೀಳಲಿ, ನಾ ಹಿಂದ ಮುಂದ ನೋಡಾಕಿ ಅಲ್ಲ.

ನಿನ್ನ ಮಕ್ಕಳು ನೂರು ವರ್ಷ ಬಾಳಲಿ. ಅವರ ಅಪ್ಪಗ ದೇವರು ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಹರ್ಷದಾ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಹರದೆ. ಮುಧೋಳದ ಸಂಬಂಧ ಬಂದ ವರ್ಷ ಅಪ್ಪ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದ, ಅಕ್ಷರ ನೋಡಬ್ಯಾಡ ಅಂದಿದ್ರು ಡಾಕ್ಟರು. ಹೆಣ್ಣುಮಗೀಂದು ಮದವಿ ಹೊತ್ತಿಗೆ ತೆಗದ್ರಾತಂತ ನನ್ನ ಕುಂಡಲಿನ ತೆಗದಿರಲಿಲ್ಲ, ಮುಧೋಳದವರು ಅವಸರ ಮಾಡಿದ್ರು. ಅಜ್ಜನ ವಹಿ ನೋಡಿ ತೆಗದಾಂವ ನೀನು, ಕೌಸ್ತುಭಾ. ಹದಿನಾರು ವರ್ಷದಾಂವ. ಮದವಿ ಮುರದು ಊರ ತುಂಬಾ ಸುದ್ದಿ ಆದ ಮ್ಯಾಲೆ ಅಪ್ಪ ಪಟ್ಟಿ ಬಿಚ್ಚಿ ವಹಿ ನೋಡಿದ, ಒಂದು ದಿನ ತಪ್ಪಿದ್ದು ಅವಾಗ ತಿಳೀತು. ನನ್ನೊಬ್ಬಾಕೀನ್ನ ಕರದು ಅಂದ: "ಹರ್ಷಾ, ಈಗ ತಿದ್ದಿ ಹೇಳಿದ್ರ ಮಗಳ ಸಲುವಾಗಿ ಭಟ್ಟ ಕುಂಡಲಿ ಬದಲು ಮಾಡಿದ ಅಂತಾರ. ಹುಡುಗಂದು ತಪ್ಪು ಅಂದ್ರ ಅಂವ ಮತ್ತೆಂದೂ ಪಂಚಾಂಗ ಮುಟ್ಟಂಗಿಲ್ಲ. ಎಂದಾದ್ರೂ ಗೊತ್ತಾದ್ರ ನಂದ ತಪ್ಪು ಅಂತ ಇರಲಿ, ನೀ ತಡಕೋತೀಯೇನವ್ವಾ?" ನಾ ಹೂಂ ಅಂದೆ. ಇಪ್ಪತ್ತಾರು ವರ್ಷ ತಡಕೊಂಡೀನಿ, ನಮ್ಮನಿಯವರಿಗೂ ಹೇಳಿಲ್ಲ.

ಖರೇನ ನಿನಗ ನೆನಪಿಲ್ಲೇನು? ಮರತಿದ್ದೆ ಅಂತ ಒಂದು ಸಾಲು ಬರದು ಹಾಕು. ಸುಳ್ಳಾದ್ರೂ ನಂಬತೀನಿ.