ತೀರ್ಪಿಗೆ ಮೊದಲೇ ಗೊರಕೆ

ಸೋಫಾದ ಮೇಲಿನ ವಕೀಲರೇ,

ನಮ್ಮ ತನ್ವಿಯನ್ನು ಕರೆದುಕೊಂಡು ಕಾರ್ಕಳಕ್ಕೆ ಹೋಗಿದ್ದೇನೆ. ಹೌದು, ನೀವು ಬೇಡವೆಂದ ಅದೇ ಬಾಕ್ಸಿಂಗ್ ಪಂದ್ಯಕ್ಕೆ.

ಗುಳ್ಳ ಬದನೆಯ ಸಾಂಬಾರು ಒಲೆಯ ಮೇಲೆ ಉಂಟು. ಬಿಸಿ ಮಾಡಿಕೊಳ್ಳಿ, ಅಡಿ ಹಿಡಿಸಬೇಡಿ.

ನಿನ್ನೆ ಆ ಹಳೆಯ ಕೋರ್ಟು ಸೀರಿಯಲ್ಲಿನಲ್ಲಿ ಬಾಕ್ಸರ್ ರಿಂಗಿನಲ್ಲೇ ಸತ್ತ ಕೂಡಲೇ ಎದ್ದು, ಮಗಳ ಗ್ಲೌಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ಮತ್ತೆ ಬಂದು ಕೂತವರಿಗೆ ಎಂದಿನ ಹಾಗೆ ತೀರ್ಪಿಗೆ ಮೊದಲೇ ಗೊರಕೆ! ನಾನು ಕೊನೆಯವರೆಗೆ ನೋಡಿದೆ. ಅವನು ಸತ್ತದ್ದು ಗುದ್ದಿನಿಂದಲ್ಲ ಮಾರಾಯ್ರೇ, ಮ್ಯಾನೇಜರ್ ನೀರಿಗೆ ಬೆರೆಸಿದ ವಿಷದಿಂದ.

ಹಾಗಾಗಿ ತನ್ವಿಯ ಬಾಟಲಿಗೆ ನೀರು ನಾನೇ ತುಂಬಿಸಿದ್ದೇನೆ. ಕಪಾಟಿನ ಬೀಗದ ಕೈ ನಿಮ್ಮ ಅಂಗಿಯ ಕಿಸೆಯಲ್ಲೇ ವಾಪಸ್ ಉಂಟು.

ಇನ್ನೂ ಆಕ್ಷೇಪಣೆ ಇದ್ದರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಬನ್ನಿ. ನನ್ನ ಪಕ್ಕದ ಕುರ್ಚಿ ನಿಮಗೆ ಹಿಡಿದಿಡುತ್ತೇನೆ. ಅಲ್ಲಾದರೂ ಕೊನೆಯವರೆಗೆ ಎಚ್ಚರ ಇರಿ.

ಬೇಬಿ