ನಿನ್ನ ಗೇಮಿಂಗ್ ಪಿಸಿ ಅಕ್ಕಿ ಡಬ್ಬದ ಹಿಂದಿದೆ

ಪುಟ್ಟಿ,

ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದವಳು ನಡುಮನೆಯ ರಕ್ತ ನೋಡಿ ಕಿರುಚಬೇಡ. ಅದು ನನ್ನದಲ್ಲ, ನಿನ್ನ ಗಂಡನದು. ಒರೆಸಲೂ ಬೇಡ, ಪೊಲೀಸರು ಫೋಟೋ ತೆಗೆಯಲು ಮತ್ತೆ ಬರುತ್ತಾರೆ. ಸೋಫಾ ಹತ್ತಿರ ಅವನ ಹಲ್ಲು ಬಿದ್ದಿದೆ, ತುಳಿದೀಯ.

ಕೈಯಲ್ಲಿ ಹಿಡಿದು ಆಡುವ ನಿನ್ನ ಹೊಸ ಪಿಸಿಯನ್ನು ಮಧ್ಯಾಹ್ನ ಸೆಟಪ್ ಮಾಡುತ್ತಿದ್ದೆ. ಅಪ್‌ಡೇಟ್ ಅರ್ಧವಾಗಿತ್ತು, ಅವನು ಬಾಗಿಲು ಒದ್ದು ನುಗ್ಗಿದ.

"ಗಂಡನ್ನ ಬಿಟ್ಟು ಬಂದವಳಿಗೆ ಆಟ ಬೇರೆ ಕೇಡು! ಕೊಡು ಇಲ್ಲಿ, ಅವಳದ್ದೆಲ್ಲಾ ನನ್ನದೇ."

"ಮುಟ್ಟಿ ನೋಡು" ಅಂದೆ.

ಜಡೆ ಹಿಡಿದು ನನ್ನ ತಲೆಯನ್ನು ಗೋಡೆಗೆ ಚಚ್ಚಿದ. ಎರಡನೇ ಸಲ ಎಳೆಯುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆ ಕೈಗೆ ಸಿಕ್ಕಿತು. ಬಾಯಿಗೇ ಬಾರಿಸಿದೆ. "ಅಕ್ಕಾ, ಸಾಕು ಬಿಡಿ" ಅಂದ. ಮೂರು ವರ್ಷದಲ್ಲಿ ಅವನು ನನಗೆ ಮರ್ಯಾದೆ ಕೊಟ್ಟಿದ್ದು ಇದೇ ಮೊದಲು! ಓಡಿದವನನ್ನು ಮಹಡಿಯ ಮೇಷ್ಟ್ರು ಮೆಟ್ಟಿಲಲ್ಲೇ ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಮೇಷ್ಟ್ರ ಜೊತೆಯಲ್ಲೇ ದೂರು ಕೊಡಲು ಹೊರಟಿದ್ದೇನೆ.

ಚಿಲಕ ಮುರಿದಿದೆ, ಬಾಗಿಲಿಗೆ ಮೇಜು ಒತ್ತಿಡು. ನಿನ್ನ ಅತ್ತೆ ಫೋನ್ ಮಾಡಿದರೆ ಎತ್ತಬೇಡ. ಅವರು ಅತ್ತರೆ ನೀನು ಕರಗಿಹೋಗುತ್ತೀಯ, ಕಳೆದ ಸಲವೂ ಹಾಗೇ ವಾಪಸ್ಸು ಹೋಗಿ ಕೈ ಮುರಿಸಿಕೊಂಡು ಬಂದೆ. ಅನ್ನ ಕುಕ್ಕರಿನಲ್ಲಿದೆ, ಮೊದಲು ತಿನ್ನು.

ಪಿಸಿಯ ಮೂಲೆಯಲ್ಲಿ ಸ್ವಲ್ಪ ಚಕ್ಕೆ ಎದ್ದಿದೆ, ಪರದೆಗೆ ಏನೂ ಆಗಿಲ್ಲ. ಚಾರ್ಜಿಗೆ ಹಾಕು. ಗಲಾಟೆಯೆಲ್ಲ ಮುಗಿದ ಮೇಲೆ ನೋಡಿದರೆ ಅದು ಪಾಪ, ಬಳಸುವವರ ಹೆಸರು ಕೇಳುತ್ತಾ ಕೂತಿತ್ತು. ಮೂರು ಸಲ ತಪ್ಪು ಒತ್ತಿದೆ. ಕೊನೆಗೂ ನಿನ್ನ ಹೆಸರು ಹಾಕಿದ್ದೇನೆ, ಬರೀ ನಿನ್ನದು.

ಅಕ್ಕ